ಮೆಂಬ್ರೇನಿಗೆ ಹಚ್ಚಿದ ಅರಿಶಿನ

ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿರುವ ನನ್ನ ಗೆಳತಿಯ ಮಗಳು ಸಿಂಧು ಈ ವರ್ಷ ಪಿಎಚ್‌ಡಿಗೆ ಸೇರಿದಳು. ವಿಷಯ, ಸಮುದ್ರದ ನೀರನ್ನು ಸಿಹಿ ಮಾಡುವ ಮೆಂಬ್ರೇನಿನ ಮೇಲ್ಮೈ ವಿನ್ಯಾಸ. ಅಂದರೆ ನಾನು ಬದುಕಿಡೀ ಮಾಡಿದ ಕೆಲಸವೇ. ಅವಳಮ್ಮ ಮಗಳನ್ನು ಎಪ್ಪಿಂಗ್‌ನ ನಮ್ಮ ಫ್ಲಾಟಿಗೆ ಕರೆತಂದು, "ವಸುಂಧರಾ, ಇವಳಿಗೆ ನಾಲ್ಕು ಒಳ್ಳೆ ಮಾತು ಹೇಳೇ, ಇನ್‌ಸ್ಪೈರ್ ಆಗೋ ಹಾಗೆ" ಎಂದಳು.

"ನನ್ನ ಹತ್ರ ಇರೋದೆಲ್ಲ ಹೆದರಿಸೋ ಮಾತೇ ಕಣೇ" ಎಂದೆ.

ಹುಡುಗಿ ನಕ್ಕು, "ದಟ್ಸ್ ಫೈನ್ ಆಂಟಿ, ಟೆಲ್ ಮಿ ದ ಬ್ಯಾಡ್ ಬಿಟ್ಸ್" ಎಂದಳು. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗಂತೂ ಕನ್ನಡ ಓದಲು ಬಾರದು, ಅವಳಮ್ಮ ಓದಿ ಹೇಳಲಿ. ಪ್ರಮೋಷನ್ನು, ಪೇಟೆಂಟು, ಬೀಳ್ಕೊಡುಗೆಯ ದಿನ ಕೊಟ್ಟ ಗೋಡೆ ಗಡಿಯಾರ, ಇವುಗಳ ಸುದ್ದಿ ಬಿಟ್ಟಿದ್ದೇನೆ. ಗಡಿಯಾರ ಕೊಟ್ಟ ತಿಂಗಳಲ್ಲೇ ನಿಂತುಹೋಯಿತು.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಟೂಂಗಾಬಿಯ ದಿನಸಿ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದೆ. ಮೆಂಬ್ರೇನ್ ಎಂದರೆ ತೆಳ್ಳನೆಯ ಹಾಳೆ. ಸಮುದ್ರದ ನೀರನ್ನು ಅದರ ಮೇಲೆ ಜೋರಾಗಿ ಒತ್ತಿದರೆ ನೀರು ಆಚೆ ಹೋಗುತ್ತದೆ, ಉಪ್ಪು ಈಚೆ ಉಳಿಯುತ್ತದೆ. ಇಂಥ ಹಾಳೆಗಳ ನಡುವೆ ಪ್ಲಾಸ್ಟಿಕ್ ಬಲೆ ಇಟ್ಟು, ಚಾಪೆ ಸುತ್ತುವ ಹಾಗೆ ಒಂದು ಕೊಳವೆಯ ಸುತ್ತ ಬಿಗಿಯಾಗಿ ಸುತ್ತುತ್ತಾರೆ. ಆ ಸುರುಳಿಗೆ ಎಲಿಮೆಂಟ್ ಎಂದು ಹೆಸರು. ಬಲೆಯ ಸಂದಿಯಲ್ಲಿ ನೀರು ಹರಿಯುತ್ತದೆ. ತೊಂದರೆ ಏನಪ್ಪಾ ಅಂದರೆ, ಸಮುದ್ರದಲ್ಲಿ ಉಪ್ಪೊಂದೇ ಇರುವುದಿಲ್ಲ. ಕ್ರಿಮಿ, ಪಾಚಿ, ಸತ್ತದ್ದು, ಕೊಳೆತದ್ದು ಎಲ್ಲವೂ ಬಂದು ಹಾಳೆಯ ಮೇಲೆ ಠಿಕಾಣಿ ಹೂಡುತ್ತವೆ. ಕೆಲವೇ ವಾರಗಳಲ್ಲಿ ಅದು ಹಳೇ ಬಚ್ಚಲುಮನೆಯ ನೆಲದ ಹಾಗೆ ಲೋಳೆ ಕಟ್ಟಿಕೊಳ್ಳುತ್ತದೆ. ಆ ಲೋಳೆ ಅಂಟದಂತೆ ಹಾಳೆಯ ಮೈಗೆ ಒಂದು ಲೇಪ ಹಚ್ಚುವುದು ನನ್ನ ಕೆಲಸ. ಇಷ್ಟೇ. ಇದನ್ನೇ ಮೇಲ್ಮೈ ವಿನ್ಯಾಸ ಎಂದರೆ ಗ್ರಾಂಟ್ ಬರುತ್ತದೆ.

ಈ ಕಸುಬಿಗೆ ಹೊಸದಾಗಿ ಬರುವವರಿಗೆ ಯಾರೂ ಹೇಳದ ಗುಟ್ಟೊಂದಿದೆ. ನೀವು ಎಂಥ ಲೇಪವನ್ನೇ ಹಚ್ಚಿ, ಹಾಳೆಯನ್ನು ನೀರಿಗಿಳಿಸಿದ ಒಂದೆರಡು ದಿನದಲ್ಲೇ ಸಮುದ್ರ ಅದರ ಮೇಲೆ ತನ್ನದೊಂದು ಲೇಪ ಬಳಿದುಬಿಡುತ್ತದೆ. ಬೆಳಿಗ್ಗೆ ಇಸ್ತ್ರಿ ಹಾಕಿ ಕಳಿಸಿದ ಮಗು ಸಂಜೆ ಶಾಲೆಯಿಂದ ಹೇಗೆ ಬರುತ್ತದೋ ಹಾಗೆ. ಲೇಪ ಒಳ್ಳೆಯದಾಗಿದ್ದರೆ ಆ ಕೊಳೆ ತೊಳೆದಾಗ ಸಲೀಸಾಗಿ ಬಿಡುತ್ತದೆ, ಕೆಟ್ಟದ್ದಾದರೆ ಬಿಡುವುದಿಲ್ಲ. ನಮ್ಮ ಸಾಧನೆ ಏನಿದ್ದರೂ ಅಷ್ಟರಲ್ಲೇ. ಇದನ್ನು ಅರಗಿಸಿಕೊಳ್ಳಲಾಗದೆ ನನ್ನ ಜೊತೆಯವರು ಒಬ್ಬೊಬ್ಬರಾಗಿ ಬ್ಯಾಟರಿ ಸಂಶೋಧನೆಯ ಕಡೆ ಹೋದರು.

ನಮ್ಮ ಕಂಪನಿಯ ಲ್ಯಾಬು ಸಿಡ್ನಿಯಲ್ಲಿ, ಪ್ಯಾರಮಟ್ಟಾ ಆಚೆಯ ಶೆಡ್ಡುಗಳ ನಡುವೆ ಇತ್ತು. ನಮ್ಮ ಬಾಸು ಗ್ರೇಮ್. ಆರಡಿ ಎತ್ತರ, ಚಳಿಗಾಲದಲ್ಲೂ ಚಡ್ಡಿ, ಕೆಲಸ ಯಾವಾಗಲೂ ನಿನ್ನೆಯೇ ಮುಗಿದಿರಬೇಕಿತ್ತು ಎನ್ನುವ ಮುಖ. ಬಂದ ಮೊದಲ ದಿನವೇ ನನ್ನ ಹೆಸರನ್ನು ಕತ್ತರಿಸಿ ವಸು ಮಾಡಿದ. ಅವನ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತರುವಾಗ ಏಕವಚನ ಬಳಸಿದ್ದೇನೆ. ನಮ್ಮಿಬ್ಬರ ಜಗಳ ಕೇಳಿದವರು ಯಾರೂ ಬಹುವಚನ ಹಾಕಿ ಎನ್ನಲಾರರು.

ಗ್ರೇಮ್‌ನ ರಾಜ್ಯದಲ್ಲಿ ಹನಿಯೇ ದೇವರು. ಲೇಪ ಹಚ್ಚಿದ ಹಾಳೆಯ ಮೇಲೆ ಒಂದು ಹನಿ ನೀರು ಬಿಟ್ಟು ಪಕ್ಕದಿಂದ ಫೋಟೋ ತೆಗೆಯುತ್ತಿದ್ದೆವು. ಹನಿ ಗುಂಡಗೆ ನಿಂತರೆ ಹಾಳೆಗೆ ನೀರು ಕಂಡರಾಗದು, ಚಪ್ಪಟೆಯಾಗಿ ಹರಡಿದರೆ ನೀರು ಇಷ್ಟ, ಇಷ್ಟವಿದ್ದರೆ ಲೋಳೆ ಅಂಟುವುದಿಲ್ಲ ಎಂಬುದು ಲೆಕ್ಕಾಚಾರ. ಹಾಳೆಯ ಬೇರೆ ಬೇರೆ ಕಡೆ ಹನಿ ಬಿಡುವುದು, ಎಲ್ಲದರ ಫೋಟೋ ತೆಗೆಯುವುದು, ಆಮೇಲೆ ಅತ್ಯಂತ ಚಪ್ಪಟೆಯಾದ ಹನಿಯ ಫೋಟೋವನ್ನು ಮಾತ್ರ ತೋರಿಸುವುದು. ಮದುವೆಗೆ ಹೆಣ್ಣಿನ ಫೋಟೋ ಕಳಿಸುವಾಗ ನಮ್ಮವರು ಮಾಡುವುದೂ ಇದನ್ನೇ, ಆದ್ದರಿಂದ ನನಗೆ ವಿಶೇಷವೆನಿಸಲಿಲ್ಲ.

ಒಮ್ಮೆ ಗ್ರೇಮ್ ತಾನೇ ಒಂದು ಲೇಪ ಮಾಡಿದ. ಹನಿ ಬಿಟ್ಟ ಕೂಡಲೇ ಮಾಯ! ಅಷ್ಟು ಚಪ್ಪಟೆ. ಲ್ಯಾಬಿನಲ್ಲಿ ಕೇಕು ಬಂತು, ಶಾಂಪೇನ್ ಬಂತು, ಮೇಲಿನವರಿಗೆ ಇಮೇಲ್ ಹೋಯಿತು. ನನಗೇಕೋ ಸಂಶಯ. ಹಾಳೆಗಳು ಒಣಗಬಾರದೆಂದು ಫ್ಯಾಕ್ಟರಿಯಲ್ಲಿ ನೀರನ್ನು ಸೆಳೆದುಕೊಳ್ಳುವ ಗ್ಲಿಸರಿನ್ ಸವರಿ ಕಳಿಸುತ್ತಾರೆ, ಅದನ್ನು ಚೆನ್ನಾಗಿ ತೊಳೆದೇ ಲೇಪ ಹಚ್ಚಬೇಕು. ಇವನು ಆತುರದಲ್ಲಿ ಒಂದು ಸಲ ನೀರು ತೋರಿಸಿ ಎತ್ತಿದ್ದನಷ್ಟೆ. ನಾನು ಆ ಹಾಳೆಯನ್ನು ಒಂದು ದಿನ ನೀರಲ್ಲಿ ನೆನೆಹಾಕಿ ಮತ್ತೆ ಹನಿ ಬಿಟ್ಟೆ. ಗುಂಡಗೆ, ಮುತ್ತಿನಂತೆ ನಿಂತಿತು.

"ಗ್ರೇಮ್, ನಾವು ಗ್ಲಿಸರಿನ್ನಿಗೆ ಶಾಂಪೇನ್ ಕುಡಿದಿದ್ದೇವೆ" ಎಂದೆ.

ಅವನು ಫೋಟೋ ನೋಡಿ, ನನ್ನನ್ನು ನೋಡಿ, "ಕೇಕ್ ಚೆನ್ನಾಗಿತ್ತಲ್ಲ?" ಎಂದ. ಅವನಲ್ಲಿ ನಾನು ಮೆಚ್ಚುತ್ತಿದ್ದುದು ಇದನ್ನೇ. ಆತುರಗಾರ, ಆದರೆ ಸಿಕ್ಕಿಬಿದ್ದಾಗ ಮುಖ ಊದಿಸಿಕೊಳ್ಳುವವನಲ್ಲ. ಕನಿಷ್ಠ ನನ್ನ ಮುಂದೆ.

ಸಿಡ್ನಿಯಲ್ಲಿ ನಾವು ಲೇಪ ಮಾಡುತ್ತಿದ್ದೆವು, ಅದನ್ನು ನಿಜವಾದ ಸಮುದ್ರಕ್ಕೆ ಒಡ್ಡುತ್ತಿದ್ದುದು ಮೆಲ್ಬರ್ನಿನಲ್ಲಿ. ಅಲ್ಲಿ ಕೊಲ್ಲಿಯ ಪಕ್ಕದ ಒಂದು ಶೆಡ್ಡಿನಲ್ಲಿ ಪಂಪು, ಟ್ಯಾಂಕು, ಎಲಿಮೆಂಟ್ ಇಡುವ ಉದ್ದನೆಯ ಕೊಳವೆಗಳ ಒಂದು ಸಣ್ಣ ಪ್ಲಾಂಟು. ಸಿಡ್ನಿಯವರಾದ ನಾವು ಮೆಲ್ಬರ್ನಿನವರನ್ನು ಕಾಫಿ ಬಿಟ್ಟರೆ ಬೇರೇನೂ ಗೊತ್ತಿಲ್ಲದವರು ಎನ್ನುತ್ತಿದ್ದೆವು. ಅವರು ನಮ್ಮನ್ನು ಸಮುದ್ರವನ್ನು ಫೆರಿಯಿಂದ ಮಾತ್ರ ನೋಡಿದವರು ಎನ್ನುತ್ತಿದ್ದರು. ಎರಡೂ ನಿಜ.

ಆ ಶೆಡ್ಡಿಗೆ ಬಂದ ಎಂಜಿನಿಯರ್ ದಾವಣಗೆರೆಯ ಮಂಜುನಾಥ. ಮಿತಭಾಷಿ. ಅವರ ತಂದೆಗೆ ಊರಲ್ಲಿ ಹಿಟ್ಟಿನ ಗಿರಣಿ ಇತ್ತು. ಮಶೀನಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನುವ ಕಿವಿ ಅಲ್ಲಿಂದಲೇ ಬಂದದ್ದು. ಟಾರ್ನೀಟ್‌ನಲ್ಲಿ ಬಾಡಿಗೆ ಮನೆ, ಹೆಂಡತಿ ರೂಪಾ, ಆಗಷ್ಟೇ ಶಾಲೆಗೆ ಸೇರಿದ ಮಗಳು. ಅವರದ್ದು ತಾತ್ಕಾಲಿಕ ವೀಸಾ. ಕಂಪನಿ ನಾಮಿನೇಟ್ ಮಾಡಿದರೆ ಪಿಆರ್, ಅಂದರೆ ಕಾಯಂ ನೆಲೆಸುವ ಹಕ್ಕು, ಇಲ್ಲದಿದ್ದರೆ ಗಂಟುಮೂಟೆ. ನಾಮಿನೇಷನ್ನಿಗೆ ಸಹಿ ಹಾಕಬೇಕಾದವನು ಗ್ರೇಮ್. ಅವನು "ಈ ಟ್ರಯಲ್ ಮುಗಿಯಲಿ, ನೋಡೋಣ" ಎಂದು ತಳ್ಳುತ್ತಲೇ ಬಂದಿದ್ದ. ಪ್ರತಿ ಟ್ರಯಲ್ಲಿಗೂ ಅದೇ ಮಾತು.

ಒಂದು ಸಲ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ರೂಪಾ ಕೇಳಿದಳು, "ಆಂಟಿ, ಒಂದು ಸೋಫಾ ತಗೋಬೇಕು ಅಂತಿದೀವಿ. ತಗೋಬೋದಾ?" ಸೋಫಾ ಕೊಳ್ಳಲು ನನ್ನ ಅಪ್ಪಣೆ ಯಾಕಮ್ಮ ಎಂದು ನಕ್ಕೆ. ಆಕೆ ನಗಲಿಲ್ಲ. "ಅಲ್ಲ, ವಾಪಸ್ ಹೋಗೋ ಹಾಗಾದ್ರೆ ಸುಮ್ನೆ ದಂಡ ಅಲ್ವಾ ಅಂತ" ಎಂದಳು.

ಆ ವರ್ಷ ಟ್ರಯಲ್ಲಿಗೆ ಹೋದದ್ದು ನನ್ನ ಲೇಪ. ವರ್ಷಗಟ್ಟಲೆ ಅದರ ಹಿಂದೆ ಬಿದ್ದಿದ್ದೆ. ಮುಂಚೆ ಬಕೆಟ್ಟು, ಕಡ್ಡಿ, ಹೇರ್ ಡ್ರೈಯರ್ ಇಟ್ಟುಕೊಂಡು ಶುರುಮಾಡಿದ ಕೆಲಸ. ಆಮೇಲೆ ಉದ್ದನೆಯ ಹಾಳೆಗೆ ಸಮವಾಗಿ ಹಚ್ಚುವ ಮಶೀನು ಬಂತು. ಈಗಿನ ಮಕ್ಕಳು ಯಾವ ಲೇಪ ಹಿಡಿಯುತ್ತದೆಂದು ಕಂಪ್ಯೂಟರನ್ನೇ ಕೇಳುತ್ತಾರೆ, ಅದೂ ನಮ್ಮಷ್ಟೇ ಧೈರ್ಯದಿಂದ ತಪ್ಪು ಹೇಳುತ್ತದೆ. ನನ್ನ ಲೇಪಕ್ಕೆ ಒಂದೇ ಒಂದು ಹಟ. ಹಚ್ಚಿದ ಮೇಲೆ ವಾರಾಂತ್ಯ ಪೂರ್ತಿ ಒಣಗಲು ಬಿಡಬೇಕು. ಗ್ರೇಮ್ ಬಿಡಲಿಲ್ಲ. ಮೇಲಿನವರು ಮೆಲ್ಬರ್ನಿಗೆ ನೋಡಲು ಬರುತ್ತಾರಂತೆ, ಅಷ್ಟರೊಳಗೆ ಪ್ಲಾಂಟು ಓಡುತ್ತಿರಬೇಕಂತೆ.

"ಇವತ್ತೇ ಸುತ್ತಿಸು" ಎಂದ.

"ಕೈಗೆ ಇನ್ನೂ ತಣ್ಣಗೆ ತಾಗ್ತಿದೆ ಗ್ರೇಮ್. ಒಣಗಿಲ್ಲ."

"ಸಮುದ್ರಕ್ಕೆ ಹೋದ ಮೇಲೆ ಮತ್ತೆ ಒದ್ದೆಯಾಗುತ್ತದಲ್ಲ ವಸು!"

ಅವನೇ ನಿಂತು ಸುತ್ತಿಸಿದ, ಅವನೇ ಲಾರಿಗೆ ಹತ್ತಿಸಿದ. ಜೊತೆಗೆ ಹೋಲಿಸಿ ನೋಡಲು ಲೇಪವಿಲ್ಲದ ಬರಿಯ ಎಲಿಮೆಂಟೂ ಹೋಯಿತು. ಮೆಲ್ಬರ್ನಿನಲ್ಲಿ ಮಂಜುನಾಥ ಎರಡನ್ನೂ, ಸೋರದಂತೆ ರಬ್ಬರ್ ರಿಂಗ್ ಹಾಕಿ, ಬೇರೆ ಬೇರೆ ಕೊಳವೆಗೆ ಏರಿಸಿ, ಒಂದೇ ಸಮುದ್ರದ ನೀರು ಬಿಟ್ಟರು.

ಕೆಲವು ವಾರ ಕಳೆಯಿತು. ನನ್ನ ಲೇಪದ್ದೂ ಬರಿಯದ್ದೂ ಒಂದೇ ಥರ ಲೋಳೆ ಕಟ್ಟಿಕೊಂಡು ಏದುಸಿರು ಬಿಡತೊಡಗಿದವು. ವ್ಯತ್ಯಾಸ ಇದ್ದರೆ ಭೂತಗನ್ನಡಿ ಹಾಕಿ ಹುಡುಕಬೇಕು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಗ್ರೇಮ್‌ಗೆ ಅಳು ಬರಲಿಲ್ಲ, ಕಾರಣ ಹೊಳೆಯಿತು. ಸಮುದ್ರದ ನೀರು ಒಳಗೆ ಬರುವಾಗ ಕ್ರಿಮಿ ಸಾಯಲೆಂದು ಕ್ಲೋರಿನ್ ಹಾಕುತ್ತಾರೆ, ಮೆಂಬ್ರೇನ್ ತಲುಪುವ ಮೊದಲು ಅದನ್ನು ಇನ್ನೊಂದು ರಾಸಾಯನಿಕ ಹಾಕಿ ತೆಗೆದುಬಿಡಬೇಕು. ತಪ್ಪಿದರೆ ಲೇಪ ಸುಟ್ಟಂತೆಯೇ. ಆ ಉಸ್ತುವಾರಿ ಮಂಜುನಾಥರದ್ದು.

"ಮೆಲ್ಬರ್ನಿನವರು ಕ್ಲೋರಿನ್ ಬಿಟ್ಟಿದ್ದಾರೆ" ಎಂದು ಗ್ರೇಮ್ ಮೇಲಿನವರಿಗೆ ಹೇಳಿಯೇಬಿಟ್ಟ.

ಮಂಜುನಾಥ ಫೋನಿನಲ್ಲಿ, "ಇಲ್ಲ ಮೇಡಂ, ಮೀಟರ್ ಝೀರೋನೇ ತೋರಿಸ್ತಿತ್ತು. ದಿನಾ ಕೈಯಾರೆನೂ ಚೆಕ್ ಮಾಡೀನಿ" ಎಂದರು. ನಾಮಿನೇಷನ್ ಬಗ್ಗೆ ನಾನೂ ಕೇಳಲಿಲ್ಲ, ಅವರೂ ಎತ್ತಲಿಲ್ಲ.

ಸೋತ ಎಲಿಮೆಂಟನ್ನು ಬಿಡಿಸಿ ನೋಡುವುದಕ್ಕೆ ನಮ್ಮ ಕಸುಬಿನಲ್ಲಿ ಶವಪರೀಕ್ಷೆ ಎನ್ನುತ್ತಾರೆ. ವಾಸನೆಯೂ ಆ ಹೆಸರಿಗೆ ಒಪ್ಪುವಂಥದ್ದೇ. ಎರಡೂ ಸುರುಳಿಗಳು ಸಿಡ್ನಿಗೆ ಬಂದವು. ಲ್ಯಾಬಿನ ಟೆಕ್ನಿಷಿಯನ್ ಲಾನ್, ಬಾಲ್ಯದಲ್ಲೇ ವಿಯೆಟ್ನಾಮಿನಿಂದ ಬಂದವಳು, ಗರಗಸದಲ್ಲಿ ಮೇಲಿನ ಸಿಪ್ಪೆ ಕೊಯ್ದು ಹಾಳೆಗಳನ್ನು ಉದ್ದನೆಯ ಮೇಜಿನ ಮೇಲೆ ಹಾಸಿದಳು. ಲೋಳೆ ತೊಳೆದಾಗ ಬರಿಯ ಹಾಳೆಯಲ್ಲಿ, ನೀರು ಒಳಗೆ ಬರುವ ಕಡೆ, ಒಂದು ಗೇಣಿನಷ್ಟು ಅಗಲಕ್ಕೆ ಹಳದಿ ಬಣ್ಣ ಕಂಡಿತು. ನನ್ನ ಲೇಪದ ಹಾಳೆಯಲ್ಲೂ ಅದೇ ಜಾಗದಲ್ಲಿ ಹಳದಿ ಇತ್ತು, ಆದರೆ ಎಲ್ಲ ಕಡೆ ಅಲ್ಲ. ಸಣ್ಣ ಸಣ್ಣ ಗೆರೆ, ಒಂದರ ಮೇಲೊಂದು ಅಡ್ಡಹಾಯ್ದು, ವಜ್ರಾಕೃತಿಯ ಚೌಕುಳಿ.

"ತುಕ್ಕು" ಎಂದ ಗ್ರೇಮ್. "ಮಂಜು ಪೈಪಿಗೆ ತುಕ್ಕು ಹಿಡಿಸಿದ್ದಾನೆ, ಆ ತಪ್ಪೂ ಅವನದ್ದೇ."

ಲಾನ್ ಜಿಡ್ಡು ತೆಗೆಯಲು ಇಟ್ಟುಕೊಳ್ಳುವ ಕ್ಷಾರದ ನೀರನ್ನು ಹಾಳೆಯ ಮೇಲೆ ಸಿಂಪಡಿಸಿದಳು. ಹಳದಿ ಇದ್ದಲ್ಲೆಲ್ಲ ಒಮ್ಮೆಲೇ ಕೆಂಪಾಯಿತು.

"ಅಯ್ಯೋ ರಕ್ತ!" ಎಂದು ಗ್ರೇಮ್ ಹಿಂದಕ್ಕೆ ಹಾರಿದ. ಅಷ್ಟೆತ್ತರದ ಆಳು.

ನನಗೆ ನಗು ತಡೆಯಲಾಗಲಿಲ್ಲ, ಮರುಕ್ಷಣವೇ ಹಾಳೆಯ ಹತ್ತಿರ ಬಗ್ಗಿ ನೋಡಿದೆ. ಹಳದಿಗೆ ಕ್ಷಾರ ಬಿದ್ದು ಕೆಂಪಾಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಬಾಣಂತಿ ಮಗುವನ್ನು ಕರೆತಂದಾಗ, ಮದುಮಕ್ಕಳು ಹೊಸ್ತಿಲಲ್ಲಿ ನಿಂತಾಗ, ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ ಆರತಿ ಎತ್ತುತ್ತೇವಲ್ಲ, ಆ ಓಕುಳಿ. ಮೇಜಿನ ಮೇಲೆ ಹಾಸಿಕೊಂಡು ಬಿದ್ದಿದ್ದದ್ದು ಅಪ್ಪಟ ಓಕುಳಿ! ಫೋನ್ ಮಾಡಿ ಬರುತ್ತೇನೆಂದು ಕಾರಿಡಾರಿಗೆ ಓಡಿದೆ.

"ಮಂಜುನಾಥ್, ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಎಲಿಮೆಂಟ್‌ಗೆ ಅರಿಶಿನ ಹಚ್ಚಿದ್ರಾ?"

ಆ ಕಡೆ ಪಂಪಿನ ಸದ್ದು ದೂರವಾಯಿತು, ಒಂದು ಬಾಗಿಲು ಮುಚ್ಚಿಕೊಂಡಿತು.

"ರೀ, ಇದೀರಾ?"

"ಕುಂಕುಮನೂ ಇಟ್ಟಿದ್ದೆ ಮೇಡಂ" ಎಂದರು. "ಅವತ್ತು ಆಯುಧಪೂಜೆ ಇತ್ರೀ. ಹೊಸ ಎಲಿಮೆಂಟು ಬೇರೆ. ಅರಿಶಿನ-ಕುಂಕುಮ ಇಡ್ದೆ ಮಶೀನ್ ಚಾಲೂ ಮಾಡಕ್ಕೆ ಕೈಯೇ ಬರ್ಲಿಲ್ಲ. ಅಪ್ಪ ಒಂದು ವರ್ಷನೂ ತಪ್ಪಿಸಿದವರಲ್ಲ."

"ಅದು ಹಾಳೆ ತನಕ ಹೆಂಗ್ರೀ ಹೋಯ್ತು? ಎಷ್ಟು ಹಚ್ಚಿದ್ರಿ?"

"ನೀರಲ್ಲಿ ಕಲಸಿದ್ರೆ ಒಣಗಿ ಉದುರತ್ತೆ ಅಂತ..." ಎಂದು ತಡವರಿಸಿದರು. "ರಬ್ಬರ್ ರಿಂಗಿಗೆ ಹಚ್ಚೋ ಗ್ಲಿಸರಿನ್ ಇತ್ತಲ್ಲ, ಅದ್ರಲ್ಲಿ ಕಲಸಿದೆ. ಎರಡೂ ಎಲಿಮೆಂಟಿನ ಮುಖಕ್ಕೆ, ಸ್ವಲ್ಪ ಧಾರಾಳವಾಗೇ."

ದೇವರೇ! ಗ್ಲಿಸರಿನ್ನಿನಲ್ಲಿ ಕಲಸಿದ ಅರಿಶಿನ, ನೀರು ನುಗ್ಗುವ ಬಾಯಿಗೇ. ಮುಂಚೆ ಇರುವ ಫಿಲ್ಟರುಗಳನ್ನೆಲ್ಲ ದಾಟಿದ ಮೇಲೆ ಬರುವ ಜಾಗ. ನೀರು ಬಿಟ್ಟ ಕೂಡಲೇ ಅದು ಒಳಗೆ ಹರಿದು ಹಾಳೆಗೆ ಹಿಡಿದಿದೆ. ಮೆಂಬ್ರೇನಿನ ಇತಿಹಾಸದಲ್ಲೇ ಈ ತಪ್ಪನ್ನು ನಮ್ಮವರಲ್ಲದೆ ಇನ್ಯಾರೂ ಮಾಡಿರಲಾರರು.

ಫೋನ್ ಕಿವಿಯಲ್ಲಿಟ್ಟುಕೊಂಡೇ ಇನ್ನೊಂದು ಹೊಳೆಯಿತು. ಅರಿಶಿನ ಎಣ್ಣೆಯ ಜಾತಿಯದು. ಬರಿಯ ಹಾಳೆ ಸಿಕ್ಕರೆ ಕಚ್ಚಿಕೊಳ್ಳುತ್ತದೆ, ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡವರಿಗೆ ಕೇಳಿ. ನೀರನ್ನು ಇಷ್ಟಪಡುವ ನನ್ನ ಲೇಪದ ಮೇಲೆ ಅದಕ್ಕೆ ಕೂರಲು ಬರುವುದಿಲ್ಲ. ಹಾಗಿದ್ದರೆ ನನ್ನ ಹಾಳೆಯ ಚೌಕುಳಿಯ ಗೆರೆಗಳು ಲೇಪ ಇಲ್ಲದ ಜಾಗಗಳು. ಚೌಕುಳಿ ಎಲ್ಲಿಂದ ಬಂತು? ಬಲೆಯಿಂದ. ಒಣಗದ ಲೇಪದ ಮೇಲೆ ಪ್ಲಾಸ್ಟಿಕ್ ಬಲೆ ಇಟ್ಟು ಬಿಗಿಯಾಗಿ ಸುತ್ತಿದಾಗ ಬಲೆಯ ಎಳೆಗಳು ಲೇಪವನ್ನು ಕೆರೆದು ಎತ್ತಿಕೊಂಡಿವೆ. ಲೋಳೆ ಅಲ್ಲೆಲ್ಲ ಬೇರೂರಿ ಹಬ್ಬಿದೆ. ಕ್ಲೋರಿನ್ ಸುಟ್ಟಿದ್ದರೆ ಬಲೆಯ ನಕ್ಷೆ ಬರೆಯುತ್ತಿರಲಿಲ್ಲ, ಎಲ್ಲ ಕಡೆ ಒಂದೇ ಸಮ ಬಳಿದುಕೊಂಡು ಹೋಗುತ್ತಿತ್ತು. ಲೇಪ ಕೆಟ್ಟದ್ದಲ್ಲ, ಮಂಜುನಾಥ ಕೆಟ್ಟವರಲ್ಲ, ಕೆಟ್ಟದ್ದು ಸಿಡ್ನಿಯ ಆತುರ.

ಸಂತೋಷಕ್ಕೆ ಕುಣಿಯಬೇಕು ಎನ್ನುವಷ್ಟರಲ್ಲಿ ಕಾಲು ನಿಂತಿತು. ಮಂಜುನಾಥರನ್ನು ಉಳಿಸುವ ಸಾಕ್ಷಿ ಇರುವುದು ಅರಿಶಿನದಲ್ಲಿ. ಅರಿಶಿನದ ಸುದ್ದಿ ಹೇಳಿದರೆ ಅವರ ಕೆಲಸವೇ ಹೋಗುತ್ತದೆ. ಹಿಂದೆ ಅದೇ ಶೆಡ್ಡಿನಲ್ಲಿ ಒಬ್ಬ ರಬ್ಬರ್ ರಿಂಗಿಗೆ ಗ್ಲಿಸರಿನ್ ಬದಲು ವ್ಯಾಸಲೀನ್ ಹಚ್ಚಿ ಎಲಿಮೆಂಟು ಕೆಡಿಸಿದ್ದಕ್ಕೆ ಅವನನ್ನು ಅದೇ ವಾರ ಮನೆಗೆ ಕಳಿಸಿದ್ದರು. ಆಮೇಲೆ ಸೇಫ್ಟಿ ನೋಡಿಕೊಳ್ಳುವ ಹೆಲೆನ್, ಅನುಮತಿ ಇಲ್ಲದೆ ಎಲಿಮೆಂಟಿಗೆ ಏನನ್ನೂ ತಾಗಿಸಕೂಡದೆಂದು ಗೋಡೆಗೆ ದೊಡ್ಡ ಬೋರ್ಡು ಹಾಕಿಸಿದ್ದಳು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಆ ಮಗುವಿನ ಶಾಲೆ ಹೋಯಿತು.

"ಮಂಜುನಾಥ್, ನೀವು ಬಾಯಿ ಬಿಡ್ಬೇಡಿ" ಎಂದೆ. "ಲೇಪ ಎಲ್ಲಿದೆ ಎಲ್ಲಿಲ್ಲ ಅಂತ ನೋಡೋಕೆ ನಾನೇ ಬಣ್ಣ ಹಾಕಿಸಿದ್ದೆ ಅಂತೀನಿ. ನನ್ನ ಲೇಪ, ನನ್ನ ಬಣ್ಣ. ನನಗೇನು ಮಾಡ್ತಾರೆ? ರಿಟೈರ್ ಆಗೋ ವಯಸ್ಸು."

"ಮೇಡಂ, ನಿಮಗೆ ಯಾಕೆ..."

"ಸುಮ್ನಿರ್ರೀ. ಹೇಳಿದ್ದು ಕೇಳಿ."

ಮುಂದಿನ ವಾರ ಗ್ರೇಮ್, ಹೆಲೆನ್, ನಾನು ಮೆಲ್ಬರ್ನಿಗೆ ಹಾರಿದೆವು. ಹಾಳೆಗಳನ್ನು ಸುತ್ತಿ ನಾನೇ ಹಿಡಿದುಕೊಂಡಿದ್ದೆ. ಏರ್‌ಪೋರ್ಟಿನಲ್ಲಿ ಕೇಳಿದಾಗ ವಾಲ್‌ಪೇಪರ್ ಎಂದೆ, ಹೆಲೆನ್ ಮುಖ ಗಂಟು ಹಾಕಿಕೊಂಡಳು. ಶೆಡ್ಡಿನ ಟೀ ರೂಮಿನಲ್ಲಿ ಕೂತೆವು. ಮಂಜುನಾಥ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ವೀಸಾ ಇಂಟರ್ವ್ಯೂಗೆ ಬಂದವರ ಹಾಗೆ ಎದುರಿಗೆ ಕೂತಿದ್ದರು. ನಾನು ಹಾಳೆ ಬಿಡಿಸಿ, ಕ್ಷಾರ ಸಿಂಪಡಿಸಿ, ಕೆಂಪು ಮಾಡಿ, ಬಲೆಯನ್ನು ಮೇಲಿಟ್ಟು ತೋರಿಸಿದೆ. ಗೆರೆಗೆ ಗೆರೆ ಕೂತಿತು. ಇದು ಲೇಪವಿಲ್ಲದ ಜಾಗಕ್ಕೆ ಮಾತ್ರ ಹಿಡಿಯುವ ಬಣ್ಣ ಎಂದೆ. ಕ್ಲೋರಿನ್ ಹೀಗೆ ಮಾಡಲು ಸಾಧ್ಯವೇ ಇಲ್ಲವೆಂದು ವಿವರಿಸಿದೆ. ನಾನು ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ನಂಬಿಕೆ ಬಂತು.

ಗ್ರೇಮ್ ಬಗ್ಗಿ ಬಗ್ಗಿ ನೋಡಿದ. "ಬಣ್ಣ ಹಾಕುವ ಉಪಾಯ ಭಾರಿ ಇದೆ. ಯಾರದ್ದು?"

"ನನ್ನದು" ಎಂದೆ.

"ನನಗೆ ಹೇಳಲೇ ಇಲ್ಲ?" ಎಂದಳು ಹೆಲೆನ್. "ಅನುಮತಿ?"

"ಮರೆತೆ. ಬೈದುಬಿಡು."

ಹೆಲೆನ್ ಪೆನ್ನು ತೆಗೆದಳು. ಆಗ ಮಂಜುನಾಥ ಎದ್ದು ನಿಂತರು. ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಆರಿಸಿ ಹೇಳಿದರು. "ಅದು ಬಣ್ಣ ಅಲ್ಲ. ಅವತ್ತು ನಮ್ಮಲ್ಲಿ ಮಶೀನುಗಳಿಗೆ ಪೂಜೆ ಮಾಡುವ ದಿನ. ನಾನು ಪೂಜೆ ಮಾಡಿದೆ. ಮೇಡಮ್‌ಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಸಾರಿ ಮೇಡಂ. ಪೂಜೆ ಮಾಡಿ ಮಾಡಿಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಹಾಕಿದ ಯೋಜನೆಯನ್ನೆಲ್ಲ ಒಂದು ನಿಮಿಷದಲ್ಲಿ ಮಣ್ಣುಪಾಲು ಮಾಡಿದ ಈ ಸತ್ಯಸಂಧನಿಗೆ ಎರಡು ಬಾರಿಸೋಣ ಎನ್ನಿಸಿತು. ಮಗಳ ಮುಖವಾದರೂ ನೆನಪಾಗಬಾರದೆ?

ಹೆಲೆನ್ ಬಾಯಿ ತೆರೆಯುವ ಮೊದಲು ಗ್ರೇಮ್ ಕೇಳಿದ, "ಪೂಜೆ ಮಾಡುವಾಗ ಮಶೀನಿಗೆ ಏನು ಹೇಳುತ್ತೀ?"

ಮಂಜುನಾಥ ಇಂಥ ಪ್ರಶ್ನೆ ನಿರೀಕ್ಷಿಸಿರಲಿಲ್ಲ. "ನಮ್ಮಪ್ಪ ಗಿರಣಿಗೆ ಹೇಳುತ್ತಿದ್ದದ್ದನ್ನೇ. ನಿನ್ನ ಕೆಲಸ ನೀನು ಮಾಡು, ನಮ್ಮ ಕೈಕಾಲು ಉಳಿಸು, ಅಂತ."

ಗ್ರೇಮ್ ಬಲೆಯನ್ನು ಎತ್ತಿ ಕೆಂಪು ಚೌಕುಳಿಯ ಮೇಲೆ ತಾನೇ ಇನ್ನೊಮ್ಮೆ ಇಟ್ಟು ನೋಡಿದ. ಆಮೇಲೆ, "ಹೆಲೆನ್, ಇದನ್ನೂ ಬರೆದುಕೋ. ಒದ್ದೆ ಇದ್ದಾಗಲೇ ಸುತ್ತಿಸಿದವನು ನಾನು. ವಸು ಬೇಡ ಎಂದಿದ್ದಳು. ಕ್ಲೋರಿನ್ ಎಂದು ಮೇಲಿನವರಿಗೆ ಹೇಳಿದವನೂ ನಾನೇ, ಅದನ್ನು ವಾಪಸ್ ತಗೊಳ್ಳುತ್ತೇನೆ" ಎಂದ. ಅಷ್ಟು ವರ್ಷದ ಜಗಳದಲ್ಲಿ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿದ್ದು ಅದೊಂದೇ ಸಲ. ಚಡ್ಡಿ ನೋಡಿ ಸುಮ್ಮನಾದೆ.

ಹೆಲೆನ್ ಬಿಡುವವಳಲ್ಲ. ಮಂಜುನಾಥರಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಸುಳ್ಳು ಹೇಳಿದ್ದಕ್ಕೆ ನನಗೂ ಒಂದು. ಆದರೆ ಕೆಲಸ ಉಳಿಯಿತು. ಮರಳಿ ಸಿಡ್ನಿಗೆ ಬಂದ ಮೇಲೆ ನಾನು ಗ್ರೇಮ್‌ನ ಕೋಣೆಯ ಬಾಗಿಲಲ್ಲಿ ನಿಂತು, ಅವನು ನಾಮಿನೇಷನ್ನಿಗೆ ಸಹಿ ಹಾಕುವ ತನಕ ಕದಲಲಿಲ್ಲ. ಈ ಸಲ 'ಟ್ರಯಲ್ ಮುಗಿಯಲಿ' ಎಂದಿದ್ದರೆ ಅವನ ಶವ ಪರೀಕ್ಷೆಗೆ ಬರುತ್ತಿತ್ತು.

ಟ್ರಯಲ್ ಮತ್ತೆ ನಡೆಯಿತು. ಈ ಬಾರಿ ಲೇಪವನ್ನು ಮನಸೋ ಇಚ್ಛೆ ಒಣಗಿಸಿದೆವು. ನನ್ನ ಎಲಿಮೆಂಟು ಬರಿಯದ್ದಕ್ಕಿಂತ ಚೆನ್ನಾಗಿ ಬಾಳಿತು, ತೊಳೆದಾಗ ಕೊಳೆ ಬಿಟ್ಟಿತು, ಮತ್ತೆ ಎದ್ದು ನಿಂತಿತು. ಲೋಕೋದ್ಧಾರವೇನೂ ಆಗಲಿಲ್ಲ. ಕೊನೆಗೆ ಗೆದ್ದದ್ದು ಸಮುದ್ರವೇ, ಸ್ವಲ್ಪ ತಡವಾಗಿ. ಸುರುಳಿ ಸುತ್ತಿದ ಮೇಲೆ ಒಂದನ್ನು ಬಿಚ್ಚಿ ಅರಿಶಿನದ ಬಣ್ಣ ಹಾಕಿ ನೋಡುವುದನ್ನು ಹೆಲೆನ್ ನಿಯಮವನ್ನೇ ಮಾಡಿದಳು. ಅರಿಶಿನಕ್ಕೆ ಅದರ ರಸಾಯನಶಾಸ್ತ್ರದ ಹೆಸರು ಹಾಕಿಸಿದಳು, ಹಾಗೆ ಬರೆದರೆ ಅಡುಗೆಮನೆಯ ಡಬ್ಬಿ ನೆನಪಾಗುವುದಿಲ್ಲವಲ್ಲ.

ಪಿಆರ್ ಬಂದ ಸುದ್ದಿ ಹೇಳಲು ರೂಪಾ ಫೋನ್ ಮಾಡಿದಳು. ಅಳುತ್ತಿದ್ದಳು, ನಗುತ್ತಿದ್ದಳು, ಹಿಂದಿನಿಂದ ಮಗಳು ಏನೋ ಕೂಗುತ್ತಿದ್ದಳು. ನಾನೂ ಸ್ವಲ್ಪ ಅತ್ತೆ. ಅದೇ ತಿಂಗಳು ಗ್ರೇಮ್ ನನ್ನ ಕೋಣೆಗೆ ನುಗ್ಗಿ, "ನಿನ್ನ ಮಂಜು ರಾಜೀನಾಮೆ ಕೊಟ್ಟಿದ್ದಾನೆ! ಸಹಿ ಹಾಕಿಸಿಕೊಂಡು ಕೈ ಕೊಟ್ಟ!" ಎಂದು ಕೂಗಾಡಿದ. ನನಗೂ ಮುಖಕ್ಕೆ ಹೊಡೆದ ಹಾಗಾಯಿತು. ಇವರಿಗಾಗಿ ಸುಳ್ಳು ಹೇಳಿ ಎಚ್ಚರಿಕೆ ತಿಂದವಳು ನಾನು, ಒಂದು ಮಾತು ಹೇಳಬಾರದಿತ್ತೆ? ಚೆನ್ನಾಗಿ ಬೈಯಬೇಕೆಂದೇ ಫೋನ್ ಮಾಡಿದೆ.

"ಏನ್ರೀ ಇದು ಮಂಜುನಾಥ್? ಎಲ್ಲಿಗೆ ಹೊರಟಿದೀರಿ?"

"ಇಲ್ಲೇ ಮೇಡಂ, ಹಾಲಿನ ಪುಡಿ ಫ್ಯಾಕ್ಟರಿ. ಅಲ್ಲೂ ಮೆಂಬ್ರೇನೇ."

"ಸಂಬಳ ಜಾಸ್ತೀನಾ?"

"ಇಲ್ಲ, ಅಷ್ಟೇ."

"ಮತ್ಯಾಕೆ? ಇಲ್ಲಿ ಏನು ಕಮ್ಮಿ ಆಗಿತ್ತು? ಗ್ರೇಮ್ ಕೂಡ ದಾರಿಗೆ ಬಂದಿದ್ದ."

"ಮೇಡಂ, ಅವತ್ತು ಎದ್ದು ನಿಂತು ನಿಜ ಹೇಳ್ದಾಗ ನನ್ನ ಕಾಲು ಗಡಗಡ ನಡುಗ್ತಿತ್ತು. ಅವತ್ತೊಂದೇ ದಿನ ಅಲ್ಲ, ಆ ಶೆಡ್ಡಿಗೆ ಕಾಲಿಟ್ಟ ದಿನದಿಂದ್ಲೂ ಅಷ್ಟೇ. ಮೀಟರ್ ನೋಡೋವಾಗ, ಗ್ರೇಮ್ ಫೋನ್ ಬಂದಾಗ, ರಜಾ ಕೇಳೋವಾಗ. ಹೆದರಿಕೆ ಇಲ್ದೆ ಕೆಲಸಕ್ಕೆ ಹೋದ್ರೆ ಹೆಂಗಿರತ್ತೆ ಅಂತ ಒಂದ್ಸಲ ನೋಡ್ಬೇಕು ಅನ್ನಿಸ್ತು. ಆ ಜಾಗದಲ್ಲಿ ಅದು ಆಗಲ್ಲ ಮೇಡಂ. ಬೇಜಾರ್ ಮಾಡ್ಕೋಬೇಡಿ."

ಬೈಯಲೆಂದು ಫೋನ್ ಮಾಡಿದವಳು, ಒಳ್ಳೇದಾಗ್ಲಿ, ಸೋಫಾ ತಗೊಳ್ರೀ ಮೊದಲು ಎಂದು ಹೇಳಿ ಫೋನ್ ಇಟ್ಟೆ. ಗ್ರೇಮ್‌ನ ಎದುರು ನಾಲಿಗೆ ಹರಿಬಿಟ್ಟದ್ದು, ಬಾಗಿಲಿಗೆ ಅಡ್ಡ ನಿಂತದ್ದು, ಬೈದುಬಿಡು ಎಂದು ಹೆಲೆನ್‌ಗೆ ಸವಾಲು ಹಾಕಿದ್ದು, ಇವನ್ನೆಲ್ಲ ನಾನು ಇಷ್ಟು ವರ್ಷ ನನ್ನ ಧೈರ್ಯ ಎಂದುಕೊಂಡು ಮೆರೆದಿದ್ದೆ. ಅದು ಧೈರ್ಯ ಅಲ್ಲ, ನನ್ನ ಬೀರುವಿನಲ್ಲಿದ್ದ ಆಸ್ಟ್ರೇಲಿಯಾದ ಪಾಸ್‌ಪೋರ್ಟು. ಅವತ್ತು ಆ ಟೀ ರೂಮಿನಲ್ಲಿ ಧೈರ್ಯ ಇದ್ದದ್ದು ಕಾಲು ನಡುಗುತ್ತಿದ್ದವರಿಗೆ.